ಮೇಯರ್ ಇಲ್ಲದ ಊರಿನಲ್ಲಿ ಒಂದು ಓಕ್ ಮರ

ಅಮೆರಿಕದ ಮಗಳ ಮನೆಗೆ ಹೋದ ನಾಲ್ಕನೆಯ ದಿನವೇ ನಾನೊಂದು ಪೇಚಿಗೆ ಸಿಕ್ಕಿಕೊಂಡೆ. ಬೆಳಿಗ್ಗೆ ಸ್ನಾನ ಮುಗಿಸಿ, ಒಗೆದ ಸೀರೆಯನ್ನು ಮನೆಯ ಹಿಂದಿನ ಮರದ ಜಗಲಿಯ ಕಟಕಟೆಯ ಮೇಲೆ ಉದ್ದಕ್ಕೆ ಹರವಿದ್ದೆ. ಏಪ್ರಿಲ್ ತಿಂಗಳ ಎಳೆಬಿಸಿಲು ಚೆನ್ನಾಗಿ ಬಿದ್ದಿತ್ತು. ಕಾಫಿ ಲೋಟ ಹಿಡಿದು ಬಂದ ಮಗಳು ಗಾಬರಿಯಿಂದ, "ಅಮ್ಮಾ, ಮೊದಲು ಸೀರೆ ಒಳಗೆ ತಗೋ. ಸಂಘದವರು ನೋಡಿದ್ರೆ ಮನೆಗೆ ಕಾಗದ ಬರುತ್ತೆ!" ಎಂದಳು.

"ಸೀರೆ ನನ್ನದು, ಮನೆ ನಿನ್ನದು. ಸಂಘದವರಿಗೇನಂತೆ?" ಎಂದೆ.

"ಮನೆ ನಮ್ಮದೇ. ಆದರೆ ಹೊರಗಿನಿಂದ ಕಾಣೋದೆಲ್ಲ ಅವರ ಲೆಕ್ಕಕ್ಕೂ ಬರುತ್ತೆ" ಎಂದು ಅವಳೇ ಸೀರೆಯನ್ನು ಬಾಚಿಕೊಂಡು ಒಳಗೆ ಹೋದಳು. ಬಿಸಿಲು ಹೊರಗೆ ದಂಡವಾಗಿ ಬೀಳುತ್ತಿದ್ದರೆ, ನನ್ನ ಸೀರೆ ಒಳಗೆ ಕರೆಂಟಿನ ಯಂತ್ರದಲ್ಲಿ ಗಿರಗಿರನೆ ತಿರುಗಿ ಒಣಗಿತು. ಮೈಸೂರಿನ ಅಗ್ರಹಾರದ ವಠಾರದಲ್ಲಿ ಹುಟ್ಟಿ ಬೆಳೆದವಳು ನಾನು. ಒಂಬತ್ತು ಸಂಸಾರದ ಬಟ್ಟೆ ಒಂದೇ ಹಗ್ಗದ ಮೇಲೆ ಒಣಗುವುದನ್ನು ಕಂಡವಳಿಗೆ ಇದೆಂಥ ಊರು ಅನ್ನಿಸಿತು. ಆರು ತಿಂಗಳು ಇಲ್ಲಿ ಕಳೆಯುವುದು ಹೇಗಪ್ಪ ಎಂದು ಚಿಂತೆಯೂ ಆಯಿತು.

ಆಮೇಲೆ ಆದದ್ದೇ ಬೇರೆ. ಅದನ್ನು ಹೇಳುವ ಮೊದಲು ಊರಿನ ಪರಿಚಯ ಮಾಡಿಕೊಡುತ್ತೇನೆ.

ಹೆಸರಿನ ಹಿಂದಿನ ಮನುಷ್ಯ

ಊರಿನ ಹೆಸರು ರೆಸ್ಟನ್. ವರ್ಜೀನಿಯಾ ರಾಜ್ಯದಲ್ಲಿದೆ. ರಾಜಧಾನಿ ವಾಷಿಂಗ್ಟನ್‌ನಿಂದ ಪಶ್ಚಿಮಕ್ಕೆ ಸುಮಾರು 30 ಕಿಲೋಮೀಟರ್. 60,000ಕ್ಕೂ ಹೆಚ್ಚು ಜನರಿದ್ದಾರೆ. ಆದರೆ ಊರಿಗೆ ಮೇಯರ್ ಇಲ್ಲ, ನಗರಸಭೆಯೂ ಇಲ್ಲ. ಮೊದಲ ಸಲ ಕೇಳಿದಾಗ ನಾನು ನಂಬಲಿಲ್ಲ. "ಹಾಗಾದರೆ ಬೀದಿ ಗುಡಿಸುವವರು ಯಾರು, ಕೆರೆ ನೋಡಿಕೊಳ್ಳುವವರು ಯಾರು?" ಎಂದು ಕೇಳಿದೆ.

ಶಾಲೆ, ಪೊಲೀಸು ಇವೆಲ್ಲ ಫೇರ್‌ಫ್ಯಾಕ್ಸ್ ಕೌಂಟಿಯ ಕೆಲಸ. ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಉಳಿದಂತೆ ಕಾಲುದಾರಿ, ಕಾಡು, ಕೆರೆ, ಈಜುಕೊಳ ಇವನ್ನೆಲ್ಲ ಮನೆಯವರೇ ಸೇರಿ ಮಾಡಿಕೊಂಡ ರೆಸ್ಟನ್ ಅಸೋಸಿಯೇಷನ್ ಎಂಬ ಸಂಘ ನೋಡಿಕೊಳ್ಳುತ್ತದೆ. ಅಲ್ಲಿ ಮನೆ ಕೊಂಡವರು ತಾವಾಗಿಯೇ ಸದಸ್ಯರಾಗುತ್ತಾರೆ. ಬೇಡ ಎನ್ನುವ ಹಾಗಿಲ್ಲ. ವರ್ಷಕ್ಕೊಮ್ಮೆ ವಂತಿಗೆ ಕಟ್ಟಬೇಕು. ಒಂಬತ್ತು ಮಂದಿಯ ಆಡಳಿತ ಮಂಡಳಿಗೆ ಓಟು ಹಾಕಿ ಆರಿಸಬೇಕು. ನಾಲ್ಕು ಕೆರೆ, 1,300 ಎಕರೆಗೂ ಹೆಚ್ಚು ಬಯಲು ಮತ್ತು ಕಾಡು, 55 ಮೈಲಿ ಕಾಲುದಾರಿ ಈ ಸಂಘದ ವಶದಲ್ಲಿವೆ. 55 ಮೈಲಿ ಎಂದರೆ ಹೆಚ್ಚುಕಡಿಮೆ 88 ಕಿಲೋಮೀಟರ್.

ಇದನ್ನೆಲ್ಲ ನನಗೆ ಹೇಳಿಕೊಟ್ಟ ಗುರು ನನ್ನ ಮೊಮ್ಮಗಳು ಪುಟ್ಟಿ. ಹತ್ತು ವರ್ಷ. ಅವಳ ಕನ್ನಡದಲ್ಲಿ 'ನೀನು', 'ನೀವು' ಎರಡೂ ಒಂದೇ ವಾಕ್ಯದಲ್ಲಿ ಸಂಸಾರ ಮಾಡುತ್ತವೆ. "ಅಜ್ಜಿ, ನೀವು ಬಾ, ನಿನಗೆ ಬಾಬ್‌ನ ತೋರಿಸ್ತೀನಿ" ಎಂದು ಒಂದು ಶನಿವಾರ ನನ್ನ ಕೈ ಹಿಡಿದು ಕರೆದುಕೊಂಡು ಹೋದಳು.

ಹೋದದ್ದು ಲೇಕ್ ಆ್ಯನ್ ಎಂಬ ಕೆರೆಯ ದಂಡೆಗೆ. ನೀರಿನ ಅಂಚಿಗೇ ಒಂದು ದೊಡ್ಡ ಚೌಕ. ಅದರ ಸುತ್ತ ಬಾಗಿದ ಸಾಲಿನಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ಶನಿವಾರವಾದ್ದರಿಂದ ರೈತರ ಸಂತೆ ನೆರೆದಿತ್ತು. ಸೊಪ್ಪು, ಸ್ಟ್ರಾಬೆರಿ, ಜೇನುತುಪ್ಪ, ಬಗೆಬಗೆಯ ಬ್ರೆಡ್ಡು. ನಮ್ಮ ದೇವರಾಜ ಮಾರುಕಟ್ಟೆಯ ಗದ್ದಲವಿಲ್ಲ, ಆದರೂ ಸಂತೆಯ ವಾಸನೆ ಸಂತೆಯದೇ. ಒಂದು ಬೆಂಚಿನ ಮೇಲೆ ಮುದುಕರೊಬ್ಬರು ಆರಾಮವಾಗಿ ಕುಳಿತಿದ್ದರು. ಪುಟ್ಟಿ ಹೋಗಿ ಅವರ ಪಕ್ಕದಲ್ಲೇ ಕುಳಿತು ತೊಡೆಯ ಮೇಲೆ ಕೈ ಹಾಕಿದಳು. "ಏ, ಏಳೇ! ದೊಡ್ಡವರ ಹತ್ತಿರ ಹಾಗೆ ಮಾಡ್ತಾರಾ?" ಎಂದು ಗದರಿಸಿದೆ. ಅವಳು ಬಿದ್ದು ಬಿದ್ದು ನಕ್ಕಳು. ಹತ್ತಿರ ಹೋಗಿ ನೋಡಿದರೆ ಅವರು ಕಂಚಿನ ಮನುಷ್ಯ!

ಅವರೇ ರಾಬರ್ಟ್ ಇ. ಸೈಮನ್, ಈ ಊರನ್ನು ಕಟ್ಟಿದವರು. ನ್ಯೂಯಾರ್ಕಿನ ಹೆಸರಾಂತ ಸಂಗೀತ ಸಭಾಂಗಣ ಕಾರ್ನೆಗಿ ಹಾಲ್ ಅವರ ಮನೆತನದ ಆಸ್ತಿಯಾಗಿತ್ತು. ಅದನ್ನು ಮಾರಿದ ಹಣದಿಂದ 1961ರಲ್ಲಿ ಇಲ್ಲಿ 6,750 ಎಕರೆ ನೆಲ ಕೊಂಡರು. ಅವರಿಗೆ ಐವತ್ತು ತುಂಬಿದ ದಿನ, 1964ರ ಏಪ್ರಿಲ್ 10ರಂದು, ಹೊಸ ಊರಿನ ಕೆಲಸ ಶುರುವಾಯಿತು. ಅವರ ಹೆಸರಿನ ಮೂರು ಮೊದಲಕ್ಷರಗಳಿಗೆ 'ಟನ್' ಸೇರಿಸಿದರೆ ರೆಸ್ಟನ್.

ಆ ಕಾಲದ ವರ್ಜೀನಿಯಾದಲ್ಲಿ ಕಪ್ಪು ಜನರೂ ಬಿಳಿ ಜನರೂ ಒಂದೇ ಕೇರಿಯಲ್ಲಿರುವುದು ಅಪರೂಪ. ಅಮೆರಿಕದ ಎಷ್ಟೋ ಬಡಾವಣೆಗಳಲ್ಲಿ ಕಪ್ಪು ಜನರಿಗೆ ಮನೆ ಮಾರಕೂಡದು ಎಂದು ಕ್ರಯಪತ್ರದಲ್ಲೇ ಬರೆದಿಡುತ್ತಿದ್ದರು. ಅಂಥ ಷರತ್ತನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟು 1948ರಲ್ಲಿ ಹೇಳಿತು. ಆದರೂ ಮನೆ ಮಾರುವಾಗ ಬಣ್ಣ ನೋಡಬಾರದೆಂದು ದೇಶಕ್ಕೆಲ್ಲ ಕಾನೂನು ಬಂದದ್ದು 1968ರಲ್ಲಿ. ಸೈಮನ್ ಅದಕ್ಕೆ ಕಾಯಲಿಲ್ಲ. ಮೊದಲ ದಿನದಿಂದಲೇ ಯಾರು ಬೇಕಾದರೂ ಬಂದು ಮನೆ ಕೊಳ್ಳಬಹುದು ಎಂದರು. ವಠಾರದಲ್ಲಿ ಯಾರಿಗೆ ಬಾಡಿಗೆಗೆ ಕೊಡುತ್ತಾರೆ, ಯಾರಿಗೆ ಇಲ್ಲ ಎಂಬುದನ್ನು ಕಣ್ಣಾರೆ ಕಂಡ ನನಗೆ ಈ ಮಾತು ನಾಟಿತು.

ಊರು ಕಟ್ಟಿದವರಿಗೂ ಕಷ್ಟ ತಪ್ಪಲಿಲ್ಲ. ಮನೆಗಳು ಬೇಗ ಮಾರಾಟವಾಗಲಿಲ್ಲ. ಸಾಲ ಕೊಟ್ಟಿದ್ದ ಕಂಪನಿ 1967ರಲ್ಲಿ ಯೋಜನೆಯನ್ನು ತಾನೇ ವಹಿಸಿಕೊಂಡು ಅವರನ್ನು ಹೊರಗೆ ಕಳಿಸಿತು. ಆದರೆ 1993ರಲ್ಲಿ ಅವರು ಇಲ್ಲಿಗೇ ಮರಳಿ ಬಂದು, ಕೆರೆ ಕಾಣುವ ಎತ್ತರದ ಕಟ್ಟಡದಲ್ಲಿ ಸಾಧಾರಣ ನಿವಾಸಿಯಾಗಿ ನೆಲೆಸಿದರು. 2015ರಲ್ಲಿ, 101ನೆಯ ವಯಸ್ಸಿನಲ್ಲಿ ತೀರಿಕೊಂಡರು. ಈಗ ಬೆಂಚಿನ ಮೇಲೆ ಕುಳಿತಿದ್ದಾರೆ. ಮಕ್ಕಳು ಅವರ ತೊಡೆ ಹತ್ತಿ ಫೋಟೊ ತೆಗೆಸಿಕೊಳ್ಳುತ್ತಾರೆ. ನಾನೂ ಪಕ್ಕದಲ್ಲಿ ಕುಳಿತು ಒಂದು ತೆಗೆಸಿಕೊಂಡೆ.

ಗೆರೆ ಇಲ್ಲದ ಅಳಿಲು

ಬೆಳಿಗ್ಗೆ ಸಂಜೆ ಕಾಲುದಾರಿಯಲ್ಲಿ ನಡೆಯುವುದು ನನ್ನ ನಿತ್ಯದ ಕೆಲಸವಾಯಿತು. ದಾರಿ ಮನೆಗಳ ಹಿಂದೆ, ಕಾಡಿನ ನಡುವೆ ಸಾಗುತ್ತದೆ. ದೊಡ್ಡ ರಸ್ತೆ ಅಡ್ಡ ಬಂದ ಎಷ್ಟೋ ಕಡೆ ಅದರ ಕೆಳಗೆ ಸುರಂಗವೋ ಮೇಲೊಂದು ಸೇತುವೆಯೋ ಇರುತ್ತದೆ. ಹಾಗಾಗಿ ಮಕ್ಕಳು ಕಾರುಗಳ ನಡುವೆ ನುಗ್ಗದೆ ಗೆಳೆಯರ ಮನೆಗೆ ಹೋಗಿ ಬರಬಹುದು. ಮೋಟಾರಿಗೊಂದು ದಾರಿ, ನಡೆಯುವವರಿಗೊಂದು ದಾರಿ ಎಂಬ ಈ ಉಪಾಯ ರೆಸ್ಟನ್ನಿಗಿಂತ ಹಳೆಯದು. 1929ರಲ್ಲಿ ನ್ಯೂಜೆರ್ಸಿಯ ರ‍್ಯಾಡ್‌ಬರ್ನ್ ಎಂಬ ಬಡಾವಣೆಯಲ್ಲಿ ಹೀಗೆಯೇ ಮಾಡಿದ್ದರು. ಮನೆಯವರು ಕೂಡಿ ನಿಯಮ ಮಾಡಿಕೊಂಡು ಬದುಕುವುದಂತೂ ಇನ್ನೂ ಹಳೆಯದು. ಅದೇ ನ್ಯೂಜೆರ್ಸಿಯ ಲೆವೆಲಿನ್ ಪಾರ್ಕ್ ಎಂಬ ಬಡಾವಣೆ 1850ರ ದಶಕದ್ದು. ವಿದ್ಯುತ್ ದೀಪದ ಥಾಮಸ್ ಎಡಿಸನ್ ಅಲ್ಲಿನ ನಿವಾಸಿಯಾಗಿದ್ದರು.

ಊರ ನಡುವೆ ಹಾದುಹೋಗುವ ಇನ್ನೊಂದು ದಾರಿ ಹಿಂದೆ ರೈಲು ಓಡುತ್ತಿದ್ದದ್ದು. ರೈಲು ನಿಂತ ಮೇಲೆ ಹಳಿ ಕಿತ್ತು, 45 ಮೈಲಿ ಉದ್ದಕ್ಕೂ ಸೈಕಲ್ಲಿಗೂ ನಡೆಯುವವರಿಗೂ ದಾರಿ ಮಾಡಿದ್ದಾರೆ. ಸಂಜೆ ಅಲ್ಲಿ ಹೋದರೆ ತೆಲುಗು, ಹಿಂದಿ, ತಮಿಳು ಕಿವಿಗೆ ಬೀಳುತ್ತವೆ. ಕನ್ನಡ ಬಿದ್ದ ದಿನ ನನಗೆ ಹಬ್ಬ. "ನಿಮ್ಮದು ಯಾವ ಊರು?" ಎಂದು ನಿಲ್ಲಿಸಿಯೇ ಬಿಡುತ್ತಿದ್ದೆ. ಮಗಳಿಗೆ ಮುಜುಗರ, ನನಗೆ ಪರಮಾನಂದ.

ಅಲ್ಲಿನ ಅಳಿಲು ಬೂದು ಬಣ್ಣದ್ದು, ನಮ್ಮದಕ್ಕಿಂತ ದಪ್ಪ. ಬೆನ್ನಿನ ಮೇಲೆ ಮೂರು ಗೆರೆ ಇಲ್ಲ. "ಯಾಕಜ್ಜಿ?" ಎಂದು ಪುಟ್ಟಿ ಕೇಳಿದಾಗ, ಸೇತುವೆ ಕಟ್ಟಲು ಮರಳು ಹೊತ್ತ ಅಳಿಲಿನ ಬೆನ್ನನ್ನು ರಾಮ ಸವರಿದ ಕಥೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಇವರ ಅಜ್ಜ ಅಜ್ಜಿ ಆ ಮೀಟಿಂಗಿಗೆ ಹೋಗಿರಲಿಲ್ಲ" ಎಂದಳು. ಆಗ ನಕ್ಕುಬಿಟ್ಟೆ. ಆ ಮಾತು ಆಮೇಲೆ ನನ್ನನ್ನೇ ಚುಚ್ಚಿತು.

ಕುರ್ಚಿ ತಂದು ಕುಳಿತ ಸಭೆ

ಮಗಳದು ಸಾಲುಮನೆ. ಇಪ್ಪತ್ನಾಲ್ಕು ಮನೆಗಳ ಒಂದು ಗುಂಪು. ಇದನ್ನು ಅಲ್ಲಿ ಕ್ಲಸ್ಟರ್ ಎನ್ನುತ್ತಾರೆ. ಊರಿನ ದೊಡ್ಡ ಸಂಘವಲ್ಲದೆ ಪ್ರತಿ ಕ್ಲಸ್ಟರಿಗೂ ತನ್ನದೇ ಚಿಕ್ಕ ಸಂಘವಿರುತ್ತದೆ. ಹುಲ್ಲು ಕತ್ತರಿಸುವುದು, ಚಳಿಗಾಲದಲ್ಲಿ ಹಿಮ ತೆಗೆಸುವುದು, ಕಾರು ನಿಲ್ಲಿಸುವ ಜಾಗದ ಡಾಂಬರು ಇವೆಲ್ಲ ಚಿಕ್ಕ ಸಂಘದ ಪಾಲು. ಬಾಗಿಲಿಗೆ ಬಣ್ಣ ಬಳಿಯಬೇಕಾದರೂ ಒಪ್ಪಿಗೆಯಾದ ಪಟ್ಟಿಯಲ್ಲಿರುವ ಬಣ್ಣವೇ ಆಗಬೇಕು. ನಾನು ಪಟ್ಟಿ ನೋಡಿದೆ. ಅರಿಸಿನದ ಬಣ್ಣ ಇರಲಿಲ್ಲ. ಹೊಸ್ತಿಲಿಗೆ ರಂಗೋಲಿ ಇಡುವುದಕ್ಕೆ ಮಾತ್ರ ಯಾವ ನಿಯಮವೂ ಅಡ್ಡ ಬರಲಿಲ್ಲ. ನಾಯಿ ಹಿಡಿದು ಹೋಗುವವರು ನಿಂತು ನೋಡಿ, ನಾಯಿಯನ್ನು ಸುತ್ತು ಹಾಕಿಸಿ ಕರೆದುಕೊಂಡು ಹೋಗುತ್ತಿದ್ದರು.

ನಮ್ಮ ಸಾಲಿನ ಹಿಂದೆ, ಎಲ್ಲರಿಗೂ ಸೇರಿದ ನೆಲದಲ್ಲಿ, ಒಂದು ಭಾರಿ ಓಕ್ ಮರವಿತ್ತು. ಇಬ್ಬರು ತಬ್ಬಿದರೂ ಕೈ ಸೇರದು. ಅದರ ಎತ್ತರದ ಪೊಟರೆಯಲ್ಲಿ ಮರಕುಟಿಗದ ಸಂಸಾರ. ಪುಟ್ಟಿ ಮತ್ತು ಗೆಳತಿಯರು ಅದರ ಬುಡದಲ್ಲೇ ಮನೆಯಾಟ ಆಡುತ್ತಿದ್ದರು. ಮೇ ತಿಂಗಳ ಒಂದು ರಾತ್ರಿ ಗುಡುಗು ಮಳೆ ಬಂದು ಆ ಮರದ ದೊಡ್ಡ ಕೊಂಬೆಯೊಂದು ಮುರಿದು ಬಿತ್ತು. ಕೊನೆಯ ಮನೆಯ ಸೂರಿಗೂ ಕೊಂಬೆಗೂ ನಡುವೆ ಒಂದು ಮಾರಿನ ಅಂತರವಿರಲಿಲ್ಲ. ಆ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಒಬ್ಬರೇ ಇದ್ದರು.

ಎರಡು ವಾರದಲ್ಲಿ ಪ್ರತಿ ಮನೆಗೂ ಒಂದು ಚೀಟಿ ಬಂತು. ಕೊನೆಯ ಮನೆಯವರು ಮರ ತೆಗೆಸಬೇಕೆಂದು ಕೇಳಿದ್ದಾರೆ, ಸಭೆಗೆ ಬನ್ನಿ ಎಂದು. ಚೀಟಿ ಓದಿದ ಪುಟ್ಟಿ ಊಟ ಬಿಟ್ಟು ಎದ್ದಳು. ಆ ಊರಿನಲ್ಲಿ ಮರ ಕಡಿಯುವುದು ಅಷ್ಟು ಸುಲಭವಲ್ಲ. ಕ್ಲಸ್ಟರ್ ಒಪ್ಪಬೇಕು. ಆಮೇಲೆ ದೊಡ್ಡ ಸಂಘದ ಅನುಮತಿಯೂ ಬೇಕು. "ಹಾಗಾದರೆ ನಾವು ಬೇಡ ಅನ್ನಬಹುದು!" ಎಂದು ಪುಟ್ಟಿ ಎರಡು ಪುಟ ಭಾಷಣ ಬರೆದಳು. ನಾಲ್ಕು ಸಲ ನನ್ನ ಮುಂದೆ ಓದಿದಳು. ಮೂವತ್ತೆರಡು ವರ್ಷ ಪ್ರೈಮರಿ ಶಾಲೆಯ ಮೇಡಮ್ ಆಗಿದ್ದವಳು ನಾನು, ಉಚ್ಚಾರಣೆ ತಿದ್ದುವ ಬದಲು ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ಹೇಳಿಕೊಟ್ಟೆ.

ಸಭೆ ನಡೆದದ್ದು ಕಾರು ನಿಲ್ಲಿಸುವ ಜಾಗದಲ್ಲಿ. ಜೂನ್ ತಿಂಗಳಾದ್ದರಿಂದ ಎಂಟು ಗಂಟೆಗೂ ಬೆಳಕಿತ್ತು. ಪ್ರತಿಯೊಬ್ಬರೂ ತಮ್ಮ ಮನೆಯಿಂದ ಮಡಿಸುವ ಕುರ್ಚಿ ತಂದು ಗುಂಡಗೆ ಕುಳಿತರು. ಅಧ್ಯಕ್ಷೆ ಆಸ್ಪತ್ರೆಯ ನರ್ಸ್, ಕೆಲಸ ಮುಗಿಸಿ ಅದೇ ಉಡುಪಿನಲ್ಲಿ ಬಂದಿದ್ದರು. ಈ ಕೆಲಸಕ್ಕೆ ಯಾರಿಗೂ ಸಂಬಳವಿಲ್ಲ. ಖಜಾಂಚಿ ಲೆಕ್ಕ ಓದಿದರು. ಹುಲ್ಲಿಗೆ ಇಷ್ಟು, ಹಿಮಕ್ಕೆ ಇಷ್ಟು, ಮುಂದೆಂದೋ ಬರುವ ದೊಡ್ಡ ಖರ್ಚಿಗೆಂದು ಎತ್ತಿಟ್ಟ ಆಪದ್ಧನ ಇಷ್ಟು. ಹತ್ತು ಜನ ಆಕಳಿಸಿದರು. ಆದರೂ ಯಾರೂ ಎದ್ದು ಹೋಗಲಿಲ್ಲ.

ಆಮೇಲೆ ಮರದ ವಿಷಯ. ಪುಟ್ಟಿಗೆ ಎರಡು ನಿಮಿಷ ಕೊಟ್ಟರು. ಕಾಗದ ನಡುಗುತ್ತಿತ್ತು, ದನಿ ನಡುಗಲಿಲ್ಲ. ಮರಕುಟಿಗ ದಿನಕ್ಕೆ ಎಷ್ಟು ಸಲ ಮರಿಗಳಿಗೆ ಗುಟುಕು ತರುತ್ತದೆ ಎಂದು ತಾನೇ ಎಣಿಸಿದ್ದನ್ನು ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕಣ್ಣು ತುಂಬಿ ಬಂತು.

ಕೊನೆಯ ಮನೆಯ ಅಜ್ಜಿಯೂ ಚಪ್ಪಾಳೆ ತಟ್ಟಿದರು. ನಂತರ ಊರುಗೋಲು ಹಿಡಿದು ಎದ್ದರು. ಅವರು ಹೇಳಿದ್ದು ಇಷ್ಟೇ: "ಈ ಮರ ನನಗೂ ಇಷ್ಟ. ನನ್ನ ಮಕ್ಕಳೂ ಇದರ ಕೆಳಗೇ ಆಡಿದರು. ಆದರೆ ಆ ರಾತ್ರಿಯಿಂದ ಗಾಳಿ ಬೀಸಿದಾಗಲೆಲ್ಲ ನಾನು ಮಲಗುವುದಿಲ್ಲ. ಕೆಳಗಿನ ಕೋಣೆಗೆ ಬಂದು ಕುರ್ಚಿಯ ಮೇಲೆ ಕೂತಿರುತ್ತೇನೆ."

ಯಾರೂ ಮಾತಾಡಲಿಲ್ಲ. ಮರ ಪರೀಕ್ಷೆ ಮಾಡಿದವರ ವರದಿಯನ್ನು ಅಧ್ಯಕ್ಷೆ ಓದಿದರು. ಬುಡ ಒಳಗೆ ಟೊಳ್ಳಾಗಿದೆ, ಅಣಬೆ ಹಿಡಿದಿದೆ. ಇಂದು ಬೀಳಬಹುದು, ಹತ್ತು ವರ್ಷ ನಿಂತೂ ನಿಲ್ಲಬಹುದು. ಆಮೇಲೆ ಮನೆಗೊಂದು ಓಟು. ತೆಗೆಯಬೇಕು ಎಂದವರು ಹನ್ನೆರಡು, ಬೇಡ ಎಂದವರು ಐದು. ಹನ್ನೆರಡರಲ್ಲಿ ಒಂದು ಕೈ ನನ್ನ ಮಗಳದು.

ಪುಟ್ಟಿ ತನ್ನ ಅಮ್ಮನ ಎತ್ತಿದ ಕೈಯನ್ನೇ ನೋಡುತ್ತಿದ್ದಳು. ಅಳಲಿಲ್ಲ. ಗಂಟಲು ಸರಿಮಾಡಿಕೊಂಡು, "ಹಾಗಾದರೆ ಹಕ್ಕಿಯ ಮನೆ?" ಎಂದಳು.

ಆ ಪ್ರಶ್ನೆಗೆ ಸಭೆ ಇನ್ನೂ ಮುಕ್ಕಾಲು ಗಂಟೆ ಕುಳಿತಿತು. ಸೊಳ್ಳೆ ಕಚ್ಚಿದರೂ ಕುಳಿತಿತು. ಹಕ್ಕಿ ನೋಡುವ ಹವ್ಯಾಸವಿದ್ದ ಗಡ್ಡದವರೊಬ್ಬರು ಒಂದು ದಾರಿ ಹೇಳಿದರು. ಮರಿಗಳು ಹಾರಿಹೋಗುವವರೆಗೆ, ಅಂದರೆ ಬೇಸಿಗೆ ಮುಗಿಯುವವರೆಗೆ, ಮುಖ್ಯ ಕಾಂಡವನ್ನು ಮುಟ್ಟುವುದು ಬೇಡ. ಮನೆಯ ಕಡೆ ವಾಲಿದ ಕೊಂಬೆಗಳನ್ನು ಮಾತ್ರ ಈಗ ತೆಗೆಯೋಣ. ಆಮೇಲೆ ಮರ ಕಡಿದರೂ ಬುಡದಿಂದ ಎರಡಾಳೆತ್ತರದ ಮೋಟನ್ನು ಹಾಗೇ ನಿಲ್ಲಿಸೋಣ. ಒಣ ಮರವೆಂದರೆ ಮರಕುಟಿಗಕ್ಕೆ ಪ್ರಾಣ. ಅಷ್ಟು ಗಿಡ್ಡನೆಯದು ಬಿದ್ದರೂ ಯಾವ ಸೂರಿಗೂ ತಾಗುವುದಿಲ್ಲ. ಅಲ್ಲೇ ಪಕ್ಕದಲ್ಲಿ ಹೊಸ ಓಕ್ ಸಸಿಯೊಂದನ್ನು ನೆಡೋಣ.

ಕೊನೆಯ ಮನೆಯ ಅಜ್ಜಿ, "ಬೇಸಿಗೆಯ ಗಾಳಿಯನ್ನು ಇನ್ನೊಂದಿಷ್ಟು ದಿನ ಸಹಿಸಿಕೊಳ್ಳುತ್ತೇನೆ" ಎಂದರು. ಅಧ್ಯಕ್ಷೆ ಅದನ್ನು ಬರೆದುಕೊಂಡರು. ಕುರ್ಚಿ ಮಡಿಸಿಕೊಂಡು ಎಲ್ಲರೂ ಮನೆಗೆ ಹೊರಟಾಗ ಹುಲ್ಲಿನ ಮೇಲೆ ಮಿಂಚುಹುಳುಗಳು ಎದ್ದಿದ್ದವು.

ಬೇಳೆ ಡಬ್ಬದ ತಳದ ಚೀಟಿ

ಎರಡು ದಿನ ಪುಟ್ಟಿ ಅಮ್ಮನ ಜೊತೆ ಮಾತು ಬಿಟ್ಟಳು. ಮೂರನೆಯ ರಾತ್ರಿ ಜೋರು ಗಾಳಿ ಬಂತು. ನನ್ನ ಪಕ್ಕದಲ್ಲಿ ಮಲಗಿದ್ದವಳು ಎದ್ದು ಕೂತು, "ಅಜ್ಜಿ, ಆ ಅಜ್ಜಿ ಈಗ ಕುರ್ಚಿ ಮೇಲೆ ಕೂತಿರ್ತಾರಾ?" ಎಂದು ಕೇಳಿದಳು. ಕಿಟಕಿಯಿಂದ ನೋಡಿದೆವು. ಕೊನೆಯ ಮನೆಯ ಕೆಳಗಿನ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಪುಟ್ಟಿ ಎದ್ದು ಹೋಗಿ ಅಮ್ಮನ ಪಕ್ಕದಲ್ಲಿ ಮಲಗಿದಳು.

ನನಗೆ ನಿದ್ದೆ ಬರಲಿಲ್ಲ. ಮೈಸೂರಿನ ನನ್ನ ಬೀದಿಯೇ ಕಣ್ಣ ಮುಂದೆ ಬಂತು.

ವಠಾರ ಬಿಟ್ಟು ನಾವು ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಕೊಂಡು ಇಪ್ಪತ್ತೈದು ವರ್ಷವಾಯಿತು. ಬೀದಿಯ ತುದಿಯಲ್ಲೊಂದು ಪಾರ್ಕಿದೆ. ಹೊಂಗೆ ಮರಗಳಿವೆ, ಉಯ್ಯಾಲೆಯ ಕಂಬಗಳಿವೆ, ಗೇಟಿಗೆ ಬೀಗವಿದೆ. ಬೀಗ ತೆಗೆದು ಹಾಕುವ ಹೊಣೆ ಯಾರೂ ಹೊರದೆ ಆ ಗೇಟು ಮುಚ್ಚಿಯೇ ಇದೆ. ಹುಡುಗರು ರಸ್ತೆಯಲ್ಲೇ ಕ್ರಿಕೆಟ್ ಆಡುತ್ತಾರೆ. ಹಿಂದಿನ ವರ್ಷ ಬೇಸಿಗೆ ರಜೆಯಲ್ಲಿ ಎದುರು ಮನೆಯ ಹುಡುಗ ಚೆಂಡಿನ ಹಿಂದೆ ಓಡಿ ಸ್ಕೂಟರಿಗೆ ಸಿಕ್ಕು ಕಾಲು ಮುರಿದುಕೊಂಡ. ಎಲ್ಲರಂತೆ ನಾನೂ ಹಣ್ಣು ತೆಗೆದುಕೊಂಡು ಹೋಗಿ ನೋಡಿ ಬಂದೆ. "ಈ ಪಾರ್ಕಾದರೂ ತೆಗೆದಿದ್ದರೆ..." ಎಂದು ನಾಲ್ಕು ಜನರಂತೆ ನಾನೂ ಅಂದೆ.

ನಮ್ಮಲ್ಲೂ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘವಿದೆ. ಮೂರು ತಿಂಗಳಿಗೊಮ್ಮೆ ಸಭೆಯ ಚೀಟಿ ಬರುತ್ತದೆ. ನಾನು ಒಂದು ಸಭೆಗೂ ಹೋದವಳಲ್ಲ. 'ನಾಲ್ಕು ಜನ ಗಂಡಸರು ಜಗಳವಾಡೋದು, ನಾವೇನು ನೋಡೋದು' ಎಂಬ ಉಡಾಫೆ. ಚೀಟಿಯ ಕಾಗದ ದಪ್ಪಗೆ ಚೆನ್ನಾಗಿರುತ್ತದೆ. ಅದನ್ನು ಬೇಳೆ ಡಬ್ಬದ ತಳಕ್ಕೆ ಹಾಸುತ್ತಿದ್ದೆ. ಮಗುವಿನ ಕಾಲು ಮುರಿದ ತಿಂಗಳ ಚೀಟಿಯೂ ತೊಗರಿಬೇಳೆಯ ಕೆಳಗೇ ಇತ್ತು.

ವಠಾರದಲ್ಲಿ ಹೀಗಿರಲಿಲ್ಲ. ಒಂದೇ ನಲ್ಲಿ, ಒಂಬತ್ತು ಮನೆ. ಯಾರ ಬಿಂದಿಗೆ ಮೊದಲು, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರಿಗೆ ಎರಡು ಕೊಡ ಹೆಚ್ಚು ಬೇಕು ಎಂಬ ಲೆಕ್ಕವನ್ನು ದಿನವೂ ಕೂಗಾಡಿಕೊಂಡೇ ಬಗೆಹರಿಸಿಕೊಳ್ಳುತ್ತಿದ್ದೆವು. ಬೇಕೋ ಬೇಡವೋ ನಲ್ಲಿಯ ಹತ್ತಿರ ಹೋಗಲೇಬೇಕಿತ್ತು. ಸ್ವಂತ ಮನೆ, ಸ್ವಂತ ನಲ್ಲಿ ಬಂದ ಮೇಲೆ ಹೊರಗೆ ಹೋಗುವ ಕಾರಣವೇ ತಪ್ಪಿತು. 'ಆ ಮೀಟಿಂಗಿಗೆ ಹೋಗಿರಲಿಲ್ಲ' ಎಂದು ಪುಟ್ಟಿ ಅಂದದ್ದು ಅಳಿಲಿಗೆ ಮಾತ್ರವಲ್ಲ ಅನ್ನಿಸಿತು.

ಸೆಪ್ಟೆಂಬರಿನಲ್ಲಿ, ನಾನು ಹೊರಡುವ ವಾರ, ಓಕ್ ಮರ ಕಡಿದರು. ಹಗ್ಗ ಕಟ್ಟಿಕೊಂಡು ಮೇಲೇರಿದವರು ತುದಿಯಿಂದ ತುಂಡು ತುಂಡಾಗಿ ಇಳಿಸಿದರು. ಪುಟ್ಟಿ ಶಾಲೆಯಿಂದ ಬರುವಷ್ಟರಲ್ಲಿ ಎರಡಾಳೆತ್ತರದ ಮೋಟು ಉಳಿದಿತ್ತು. ಸುತ್ತ ಆಕಾಶ ಬೋಳಾಗಿ ಕಾಣುತ್ತಿತ್ತು. ಕೊನೆಯ ಮನೆಯ ಅಜ್ಜಿ ಹೊರಗೆ ಬಂದು ಅವಳ ಪಕ್ಕದಲ್ಲಿ ನಿಂತರು. ಇಬ್ಬರೂ ಏನೂ ಆಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಪುಟ್ಟಿ ಮರದ ಒಂದು ಚಕ್ಕೆಯನ್ನು ಆರಿಸಿ ಅವರಿಗೆ ಕೊಟ್ಟಳು, ಇನ್ನೊಂದನ್ನು ತಾನು ಇಟ್ಟುಕೊಂಡಳು.

ಬೀಗದ ಕೈ

ಮೈಸೂರಿಗೆ ಬಂದ ಮೇಲೆ ದಸರಾ ಗಡಿಬಿಡಿ ಮುಗಿಯಿತು. ಭಾನುವಾರ ಸಂಜೆ ಸಭೆ ಎಂದು ಚೀಟಿ ಬಂತು. ಈ ಸಲ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಮನೆಯಿಂದ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಹೊತ್ತುಕೊಂಡು ಹೋದಾಗ ಅಲ್ಲಿದ್ದವರು ಗಾಬರಿಯಿಂದ, "ಯಾಕೆ ಮೇಡಮ್, ಕುರ್ಚಿ ಇದೆಯಲ್ಲ!" ಎಂದರು. ಬಂದಿದ್ದವರು ಹನ್ನೊಂದು ಜನ. ನಾನು ಅಂದುಕೊಂಡಂತೆ ನಾಲ್ಕು ಜನ ಗಂಡಸರು ಜಗಳವನ್ನೂ ಆಡಿದರು. ಲೆಕ್ಕ ಓದುವಾಗ ನಾನೂ ಆಕಳಿಸಿದೆ. ಆದರೆ ಎದ್ದು ಬರಲಿಲ್ಲ.

ಕೊನೆಗೆ ಪಾರ್ಕಿನ ಮಾತು ಬಂತು. ಬೀಗದ ಕೈ ಯಾರಾದರೂ ಇಟ್ಟುಕೊಂಡು ಬೆಳಿಗ್ಗೆ ತೆಗೆದು ರಾತ್ರಿ ಹಾಕುವುದಾದರೆ ಉಯ್ಯಾಲೆಗೆ ಹಲಗೆ ಹಾಕಿಸುವುದು ಕಷ್ಟವಲ್ಲ ಎಂದು ಕಾರ್ಯದರ್ಶಿ ಹೇಳಿದರು. ಎಲ್ಲರೂ ತಂತಮ್ಮ ಮೊಣಕಾಲು ನೋಡಿಕೊಂಡರು. ನನ್ನ ಕೈ ಎಷ್ಟು ಹೊತ್ತಿಗೆ ಮೇಲೆ ಹೋಯಿತೋ ನನಗೇ ತಿಳಿಯಲಿಲ್ಲ.

ಈಗ ದಿನವೂ ಬೆಳಿಗ್ಗೆ ಆರಕ್ಕೆ ನಾನೇ ಗೇಟು ತೆಗೆಯುತ್ತೇನೆ. ರಾತ್ರಿ ಎಂಟಕ್ಕೆ ಹಾಕುವ ಪಾಳಿ ಎದುರು ಮನೆಯವರದು. ಅವರ ಹುಡುಗನ ಕಾಲು ಗುಣವಾಗಿದೆ. ಅವನು ಈಗ ಪಾರ್ಕಿನ ಒಳಗೆ ಬೌಲಿಂಗ್ ಮಾಡುತ್ತಾನೆ. ಚೆಂಡು ಆಗಾಗ ನನ್ನ ತುಳಸಿಕಟ್ಟೆಗೆ ಬಂದು ಬೀಳುತ್ತದೆ. ಅದಕ್ಕೊಂದು ನಿಯಮ ಮಾಡಬೇಕೆಂದು ಮುಂದಿನ ಸಭೆಯಲ್ಲಿ ಕೇಳುವವಳಿದ್ದೇನೆ.

ಮೊನ್ನೆ ಪುಟ್ಟಿ ವಿಡಿಯೊ ಕರೆ ಮಾಡಿದ್ದಳು. ಹೊಸ ಓಕ್ ಸಸಿಗೆ ನೀರು ಹಾಕುವ ಪಾಳಿ ಆ ವಾರ ಅವಳದು, ಅದರ ಮುಂದಿನ ವಾರ ಕೊನೆಯ ಮನೆಯ ಅಜ್ಜಿಯದು. ಮೋಟು ಮರಕ್ಕೆ ಮರಕುಟಿಗ ಇನ್ನೂ ಬಂದಿಲ್ಲವಂತೆ. ಗೆರೆ ಇಲ್ಲದ ಅಳಿಲೊಂದು ಮಾತ್ರ ದಿನಾ ಅದರ ನೆತ್ತಿಯ ಮೇಲೆ ಕೂತು ಕಾಯಿ ತಿನ್ನುತ್ತದಂತೆ.

"ಅಜ್ಜಿ, ನೀವು ಏನು ಮಾಡ್ತಾ ಇದ್ದೀಯಾ?" ಎಂದು ಕೇಳಿದಳು.

ಸೆರಗಿನ ತುದಿಗೆ ಕಟ್ಟಿಕೊಂಡಿದ್ದ ಬೀಗದ ಕೈಯನ್ನು ಬಿಚ್ಚಿ ಫೋನಿನ ಮುಂದೆ ಹಿಡಿದು ತೋರಿಸಿದೆ.